ಹುಟ್ಟಿದ ಅರವತ್ತನೇ ಸೆಕೆಂಡ್

ಅಕ್ಕನ ಮೊಮ್ಮಗು ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಡಿಸ್ಚಾರ್ಜ್ ಕಾಗದದಲ್ಲಿ ತೂಕದ ಕೆಳಗೆ ‘ಅಪ್ಗಾರ್ 7, 9’ ಎಂದು ಬರೆದಿದ್ದನ್ನು ಕಂಡು, ಹತ್ತಕ್ಕೆ ಹತ್ತು ಏಕೆ ಬರಲಿಲ್ಲವೆಂದು ಮನೆಯವರೆಲ್ಲ ಕಳವಳಪಟ್ಟರು. ಅದು ಪರೀಕ್ಷೆಯ ಅಂಕವಲ್ಲ ಎಂದು ಅವರಿಗೆ ತಿಳಿಸಿ ಹೇಳಿದ ಮೇಲೂ ಆ ಹೆಸರಿನ ಹಿಂದಿರುವ ವೈದ್ಯೆಯ ಬಗ್ಗೆ ಬರೆಯಬೇಕೆನ್ನಿಸಿತು.

1909ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ ವರ್ಜೀನಿಯಾ ಅಪ್ಗಾರ್ ಶಸ್ತ್ರವೈದ್ಯೆಯಾಗಲು ಹೊರಟವರು. ಆ ಕ್ಷೇತ್ರದಲ್ಲಿ ಹೆಣ್ಣಿಗೆ ದಾರಿ ಕಠಿಣವೆಂದು ಗುರುಗಳೇ ಹೇಳಿದ್ದರಿಂದ ಅರಿವಳಿಕೆ ವಿಭಾಗಕ್ಕೆ ಬಂದು, 1949ರಲ್ಲಿ ಕೊಲಂಬಿಯಾ ವೈದ್ಯಕೀಯ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರಾಧ್ಯಾಪಕಿಯಾದರು. ತಾಯಿಗೆ ಕೊಟ್ಟ ಅರಿವಳಿಕೆ ಮಗುವಿನ ಉಸಿರನ್ನು ಹೇಗೆ ಕುಗ್ಗಿಸುತ್ತದೆ ಎಂಬುದನ್ನು ಹೆರಿಗೆ ಕೋಣೆಯಲ್ಲಿ ನಿತ್ಯ ಕಂಡ ಅವರು 1953ರಲ್ಲಿ ಪ್ರಕಟಿಸಿದ ವಿಧಾನ ಅತ್ಯಂತ ಸರಳವಾದದ್ದು: ಹುಟ್ಟಿದ ಅರವತ್ತು ಸೆಕೆಂಡಿಗೆ ಎದೆಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಕೆಣಕಿದಾಗಿನ ಪ್ರತಿಕ್ರಿಯೆ ಮತ್ತು ಮೈಬಣ್ಣವನ್ನು ನೋಡಿ, ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ ನೀಡುವುದು. ಈಗ ಐದನೇ ನಿಮಿಷಕ್ಕೂ ಮತ್ತೊಮ್ಮೆ ಅಂಕ ಕೊಡುತ್ತಾರೆ; ಕಾಗದದಲ್ಲಿದ್ದ ಎರಡನೇ ಸಂಖ್ಯೆ ಅದೇ. ಇದಕ್ಕೆ ಯಂತ್ರ ಬೇಡ, ಸ್ಟೆತಸ್ಕೋಪ್, ಗಡಿಯಾರ ಮತ್ತು ಗಮನ ಸಾಕು. ಹೆರಿಗೆ ಮಾಡಿಸಿದವರೇ ಅಂಕ ಕೊಡಬಾರದು, ಅವರ ಮನಸ್ಸು ಫಲಿತಾಂಶದೊಂದಿಗೆ ಬೆರೆತಿರುತ್ತದೆ ಎಂಬುದೂ ಅವರ ಅಭಿಪ್ರಾಯವಾಗಿತ್ತು. ಈ ಎಚ್ಚರವನ್ನು ನಾನು ಬಹಳ ಮೆಚ್ಚುತ್ತೇನೆ.

ಅವರ ನಿಜವಾದ ಸಾಧನೆ ಈ ಸಂಖ್ಯೆಗಿಂತ ದೊಡ್ಡದು ಎಂಬುದು ನನ್ನ ದೃಢವಾದ ನಂಬಿಕೆ. ಅಂಕ ಬರೆಯಲೇಬೇಕಾದರೆ ಯಾರಾದರೊಬ್ಬರು ತಾಯಿಯಿಂದ ಕಣ್ಣು ತೆಗೆದು ಮಗುವಿನ ಕಡೆ ತಿರುಗಲೇಬೇಕು. ಬೇರೆ ಬೇರೆ ಹೆರಿಗೆಗಳನ್ನು, ಬೇರೆ ಬೇರೆ ಅರಿವಳಿಕೆಗಳನ್ನು ಒಂದೇ ಅಳತೆಗೋಲಿನಲ್ಲಿ ಹೋಲಿಸಲು ಸಾಧ್ಯವಾದದ್ದೂ ಇದರಿಂದಲೇ.

ಆದರೆ ಈ ಅಂಕದಿಂದ ಮಗುವಿನ ಮುಂದಿನ ಬುದ್ಧಿಶಕ್ತಿಯನ್ನು ಅಳೆಯಹೊರಡುವುದು ತಪ್ಪು. ಉಸಿರಾಡದ ಮಗುವಿನ ಆರೈಕೆಯಂತೂ ಒಂದು ನಿಮಿಷದ ಅಂಕಕ್ಕಾಗಿ ಕಾಯುವಂಥದ್ದೇ ಅಲ್ಲ. ಐದರಲ್ಲಿ ಮೈಬಣ್ಣವೇ ಅತಿ ಅತೃಪ್ತಿಕರ ಲಕ್ಷಣವೆಂದು ಸ್ವತಃ ಅಪ್ಗಾರ್ ಬರೆದಿದ್ದರು. ಆರೋಗ್ಯವಂತ ಶಿಶುವಿನ ಅಂಗೈ ಅಂಗಾಲುಗಳೂ ಮೊದಮೊದಲು ನೀಲಿಯಾಗಿರುತ್ತವೆ, ಆದ್ದರಿಂದಲೇ ಹತ್ತು ಅಂಕ ಅಪರೂಪ.

ನಮ್ಮ ಮಗು ಮೊದಲು ಅಳಲಿಲ್ಲವಂತೆ. ಸಿಸ್ಟರ್ ಬಿಸಿಬಟ್ಟೆಯಲ್ಲಿ ಒರೆಸಿ ಬೆನ್ನು ಉಜ್ಜಿದ ಮೇಲೆ ಜೋರಾಗಿ ಅತ್ತಿತಂತೆ. ಕಾಗದದ ಮೇಲಿನ 7 ಮತ್ತು 9ರ ನಡುವೆ ನಡೆದದ್ದು ಅದು.