ರಕ್ತ ಹೊಂದಿಸಲು ಜೀನ್ ಪರೀಕ್ಷೆ ಬೇಕೇ?

ಪರ

ಎ, ಬಿ, ಓ ಗುಂಪುಗಳು ಗೊತ್ತಾದದ್ದು 1901ರಲ್ಲಿ, ಆರ್‌ಎಚ್ 1940ರಲ್ಲಿ. ನಮ್ಮಲ್ಲಿ ಹೆಚ್ಚಿನವರಿಗೆ ರಕ್ತದ ಗುಂಪು ಅಂದರೆ ಅಷ್ಟೇ. ಆದರೆ ಕೆಂಪು ಕಣದ ಮೇಲೆ ಕೆಲ್, ಡಫಿ, ಕಿಡ್ ಅಂತ ಬೇರೆ ಗುರುತುಗಳೂ ಇವೆ. ಎಲ್ಲ ಸೇರಿ 300ಕ್ಕೂ ಜಾಸ್ತಿ.

ಯಾವಾಗಲೋ ಒಮ್ಮೆ ರಕ್ತ ಹಾಕಿಸಿಕೊಳ್ಳುವವರಿಗೆ ಇದರ ತಲೆಬಿಸಿ ಕಡಿಮೆ. ತೀವ್ರ ಥಲಸ್ಸೇಮಿಯಾ, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ, ಇರುವ ಮಗುವಿಗೆ ಹಾಗಲ್ಲ. ಕೆಲವೇ ವಾರಕ್ಕೊಮ್ಮೆ ರಕ್ತ ಬೇಕು, ವರ್ಷಗಟ್ಟಲೆ. ಪ್ರತಿ ಯೂನಿಟ್ ಜೊತೆ ಹೊಸ ಗುರುತುಗಳು ಮೈಯೊಳಗೆ ಬರುತ್ತವೆ. ಯಾವುದಾದರೂ ಒಂದರ ವಿರುದ್ಧ ದೇಹ ಆ್ಯಂಟಿಬಾಡಿ (ಹೊರಗಿನದರ ಮೇಲೆ ದಾಳಿ ಮಾಡುವ ಪ್ರೋಟೀನ್) ತಯಾರಿಸಿಬಿಟ್ಟರೆ, ಮುಂದೆ ಹೊಂದುವ ರಕ್ತ ಸಿಗುವುದೇ ಕಷ್ಟ. ಕಿಡ್ ವಿರುದ್ಧದ ಆ್ಯಂಟಿಬಾಡಿಯಂತೂ ಮಹಾ ಕಿಲಾಡಿ. ಪರೀಕ್ಷೆಗೆ ಸಿಗದಷ್ಟು ಇಳಿದುಹೋಗಿರುತ್ತದೆ. ಕ್ರಾಸ್‌ಮ್ಯಾಚ್ (ದಾನಿಯ, ರೋಗಿಯ ರಕ್ತ ಬೆರೆಸಿ ನೋಡುವ ಪರೀಕ್ಷೆ) ಸರಿ ಬಂತು ಅಂತ ರಕ್ತ ಹಾಕುತ್ತಾರೆ. ಕೆಲವು ದಿನ ಕಳೆದ ಮೇಲೆ ಆ್ಯಂಟಿಬಾಡಿ ಮತ್ತೆ ಏರಿ ಹಾಕಿದ ಕಣಗಳನ್ನು ಒಡೆಯುತ್ತದೆ: ಕಣ್ಣು ಹಳದಿ, ಮೂತ್ರ ಕಪ್ಪು, ಹಿಮೋಗ್ಲೋಬಿನ್ ಮತ್ತೆ ಕೆಳಗೆ.

ಮಾಮೂಲಿ ಪರೀಕ್ಷೆಯಲ್ಲೇ ಎಲ್ಲ ಗುರುತು ನೋಡಬಹುದಲ್ವಾ? ಇತ್ತೀಚೆಗೆ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ದಾನಿಯ ಕಣಗಳೂ ಓಡಾಡುತ್ತಿರುತ್ತವೆ. ಮಾಮೂಲಿ ಪರೀಕ್ಷೆಯಲ್ಲಿ ಗುರುತು ಇರುವ ಕಣಗಳು ಒಂದಕ್ಕೊಂದು ಅಂಟುತ್ತವೆ. ಟ್ಯೂಬಿನಲ್ಲಿ ಕೆಲವು ಕಣ ಅಂಟಿಕೊಂಡು, ಕೆಲವು ಬಿಡಿಬಿಡಿಯಾಗಿ ನಿಂತರೆ ಯಾವುದು ಯಾರದು ಅಂತ ಹೇಗೆ ಹೇಳುವುದು? ಜೀನ್ ನೋಡುವ ಡಿಎನ್‌ಎ ಪರೀಕ್ಷೆಗೆ ಈ ಗೊಂದಲವಿಲ್ಲ. ಅದು ರೋಗಿಯದೇ ಬಿಳಿ ಕಣಗಳಿಂದ ಉತ್ತರ ಓದುತ್ತದೆ. ಸಾಮಾನ್ಯವಾಗಿ ಒಮ್ಮೆ ಮಾಡಿಸಿದರೆ ಸಾಕು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2024ರಲ್ಲಿ ಸಿಕಲ್ ಸೆಲ್ (ಕೆಂಪು ಕಣ ಕುಡುಗೋಲಿನಂತೆ ಬಾಗುವ ಕಾಯಿಲೆ), ಥಲಸ್ಸೇಮಿಯಾ ರೋಗಿಗಳಿಗೆ ಇದನ್ನು ಶುರುಮಾಡಿದ್ದು ಸುಮ್ನೆ ಅಲ್ಲ.

ವಿರೋಧ

ಸರಿ, ರೋಗಿಯ ಗುರುತುಗಳ ಪಟ್ಟಿ ಕೈಗೆ ಬಂತು. ಹೊಂದುವ ರಕ್ತ ಎಲ್ಲಿದೆ? ದಾನಿಗಳನ್ನೂ ಅದೇ ಮಟ್ಟದಲ್ಲಿ ಪರೀಕ್ಷಿಸದಿದ್ದರೆ ಆ ಪಟ್ಟಿ ಫೈಲಿನಲ್ಲೇ ಇರುತ್ತದೆ. ಫ್ರಿಜ್ಜಿನಲ್ಲಿ ಕೆಂಪು ಕಣ ಹೆಚ್ಚೆಂದರೆ 42 ದಿನ ಉಳಿಯುತ್ತದೆ. ಅಷ್ಟರಲ್ಲಿ ಸರಿಯಾದ ರೋಗಿಗೆ ಸರಿಯಾದ ಯೂನಿಟ್ ಸಿಗಬೇಕು. ದುಡ್ಡು ಕಡಿಮೆ ಇರುವ ಕಡೆ ಮೊದಲು ನಿಯಮಿತ ದಾನಿಗಳನ್ನು ಕಟ್ಟಿಕೊಳ್ಳುವುದೇ ಲೇಸು.

ಇನ್ನೊಂದು ವಿಷಯ. ಮೊದಲ ಸಲ ರಕ್ತ ಹಾಕುವ ಮುಂಚೆಯೇ ಆರ್‌ಎಚ್‌ನ ಸಿ, ಇ ಮತ್ತು ಕೆಲ್ ಗುರುತುಗಳನ್ನು ಮಾಮೂಲಿ ಪರೀಕ್ಷೆಯಲ್ಲಿ ನೋಡಿಟ್ಟು, ಅದಕ್ಕೆ ಹೊಂದುವ ರಕ್ತ ಕೊಟ್ಟರೆ ಆ್ಯಂಟಿಬಾಡಿ ಕಾಟ ಬಹಳ ಇಳಿಯುತ್ತದೆ. ಈ ಅಗ್ಗದ ಕೆಲಸವನ್ನೇ ಬಿಟ್ಟು ದುಬಾರಿ ಪರೀಕ್ಷೆಗೆ ಹಾರುವುದು ನನಗಂತೂ ಒಪ್ಪಿಗೆಯಿಲ್ಲ.

ಜೀನ್ ಹೇಳಿದ್ದೆಲ್ಲ ಕಣದ ಮೇಲೆ ಕಾಣುತ್ತದೆ ಅಂತಲೂ ಇಲ್ಲ. ಅಪರೂಪಕ್ಕೆ ಒಂದು ರೂಪಾಂತರ ಅದನ್ನು ಅಡಗಿಸಿಬಿಡುತ್ತದೆ. ಅಸ್ಥಿಮಜ್ಜೆ ಕಸಿಯಾದವರ ರಕ್ತದಲ್ಲಿ ಸಿಗುವುದು ಹೆಚ್ಚಾಗಿ ಮಜ್ಜೆ ಕೊಟ್ಟವರ ಡಿಎನ್‌ಎ. ಅಪಘಾತವಾಗಿ ಬಂದವರಿಗೆ ಇದನ್ನೆಲ್ಲ ಕಾಯುವ ಹೊತ್ತೇ ಇರುವುದಿಲ್ಲ.

ದಾನಿಯ ಖಾಸಗಿತನವೂ ಇದೆ. ಡಫಿ ಗುರುತು ಇಲ್ಲದವರು ಹೆಚ್ಚಾಗಿ ಆಫ್ರಿಕಾ ಮೂಲದವರು. ಅಂದರೆ ವಂಶಮೂಲದ ಸುಳಿವೂ ಆ ಫಲಿತಾಂಶದಲ್ಲಿದೆ. ರಕ್ತ ಕೊಡಲು ಬಂದವರು ಇದನ್ನು ಕೊಡಲು ಒಪ್ಪಿದ್ದಾರೆಯೇ? ಒಪ್ಪಿಗೆ ಪತ್ರದಲ್ಲಿ ಬೇರೆಯಾಗಿಯೇ ಕೇಳಬೇಕು.