ಚಿಕ್ಕಮೇಳಕ್ಕೆ ಬಂದ ಬಣ್ಣದ ವೇಷ

ತುಳುನಾಡಿನಲ್ಲಿ ಅಳಿಯಕಟ್ಟು, ಅಂದರೆ ಮಾವನದ್ದು ತಂಗಿಯ ಮಗನಿಗೆ ಹೋಗುವ ಪದ್ಧತಿ, ಹೋಗಿ ಎಷ್ಟೋ ಕಾಲವಾಯಿತು ಅಂತ ಹೇಳುತ್ತಾರೆ. ಪೂರ್ತಿ ಹೋಗಿಲ್ಲ. ನನ್ನ ಹಳೇ ಮಾನಿಟರ್ ಹೋದದ್ದು ತಂಗಿಯ ಮಗನಿಗೇ. 2012ರಲ್ಲಿ ಮಂಗಳೂರಿನ ಹಂಪನಕಟ್ಟೆಯಲ್ಲಿ ತಗೊಂಡದ್ದು. ಇಪ್ಪತ್ತೆರಡು ಇಂಚು, ಫುಲ್ ಎಚ್‌ಡಿ. ಹಿಂದುಗಡೆ ನೀಲಿ ವಿಜಿಎ ಪ್ಲಗ್ಗು, ತಗೊಂಡಾಗ ಅದರ ಎರಡು ಬದಿಗೆ ಎರಡು ಸ್ಕ್ರೂ. ಪರದೆಯ ಬಲಗಡೆ, ಮಧ್ಯಕ್ಕಿಂತ ಸ್ವಲ್ಪ ಮೇಲೆ ಒಂದು ಚುಕ್ಕಿ ಸತ್ತಿದೆ. ಏನು ಹಾಕಿದರೂ ಅದು ಕಪ್ಪು. 1920 ಬೈ 1080 ಅಂದರೆ 20,73,600 ಚುಕ್ಕಿ. ನಾನು ಅಳಿಯನಿಗೆ ಕೊಟ್ಟದ್ದು 20,73,599.

ಅವನು ಬೇಜಾರು ಮಾಡಲಿಲ್ಲ. ಸುರತ್ಕಲ್ಲಿನ ಅವನ ರೂಮಿನಲ್ಲಿ ಒಂದು ಕಂಪ್ಯೂಟರ್ ಇತ್ತು. 2017ರ ಕಾಲದ ನಾಲ್ಕು ಕೋರಿನ ಐ5 ಪ್ರೊಸೆಸರ್, ಪರದೆಗೆ ಚಿತ್ರ ಬಿಡಿಸಿಕೊಡಲು ಜಿಟಿಎಕ್ಸ್ 1050 ಟಿಐ ಅನ್ನುವ ಪುಟ್ಟ ಗ್ರಾಫಿಕ್ಸ್ ಕಾರ್ಡು. ಸಂಜೆ ಬಂದು ವ್ಯಾಲೊರಂಟ್ ಅನ್ನುವ ಗುಂಡು ಹೊಡೆಯುವ ಆಟ ಆಡುತ್ತಿದ್ದ, ಒಂಬತ್ತಕ್ಕೆ ಊಟಕ್ಕೆ ಬರುತ್ತಿದ್ದ. ಸುಖವಾಗಿದ್ದ.

ಈ ಸಲ ನವರಾತ್ರಿಗೆ ಅವನ ದುಬೈ ದೊಡ್ಡಪ್ಪ ಬಂದರು. ಮೊದಲೆಲ್ಲ ಬಜ್ಪೆ ಏರ್‌ಪೋರ್ಟಿನಲ್ಲಿ ಇಳಿಯುವವರ ಪೆಟ್ಟಿಗೆಯಲ್ಲಿ ಟೈಗರ್ ಬಾಮ್, ಟ್ಯಾಂಗ್ ಪೌಡರ್, ಸೆಂಟು, ಹುಲಿ ಚಿತ್ರದ ಕಂಬಳಿ ಇರುತ್ತಿತ್ತು. ಊರಿನ ಸೆಕೆಗೆ ಆ ಕಂಬಳಿ ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಈ ಸಲ ಅವರು ಮಡಿಲಲ್ಲಿ ಮಗು ಕೂರಿಸಿಕೊಂಡ ಹಾಗೆ ಹಿಡಿದುಕೊಂಡು ಬಂದದ್ದು ಆರ್‌ಟಿಎಕ್ಸ್ 5090.

ಇದು 2025ರ ಜನವರಿಯಲ್ಲಿ ಬಂದ ಕಾರ್ಡು. ಆಗ ಎನ್‌ವಿಡಿಯಾ ಕಂಪನಿ ಹೇಳಿದ ಬೆಲೆ 1,999 ಡಾಲರ್. ನಮ್ಮ ದುಡ್ಡಲ್ಲಿ, ತೆರಿಗೆ ಗಿರಿಗೆ ಸೇರಿ, ಎರಡು ಲಕ್ಷ ದಾಟುತ್ತದೆ. ಎರಡು ಸ್ಕೂಟರಿನ ದುಡ್ಡು. ಒಳಗೆ 32 ಜಿಬಿ ಮೆಮೊರಿ ಉಂಟು. ಪೂರ್ತಿ ದುಡಿದರೆ 575 ವ್ಯಾಟ್ ಎಳೆಯುತ್ತದೆ. ತಂಗಿಯ ಮಿಕ್ಸಿಯೇ 550 ವ್ಯಾಟಿನದ್ದು. ಅದು ತಿರುಗಿದರೆ ಆಚೀಚೆ ಮೂರು ಮನೆಗೆ ಕೇಳುತ್ತದೆ ನಿಜ, ಆದರೆ ಕೊನೆಗೆ ಚಟ್ನಿಯಾದರೂ ಆಗುತ್ತದೆ.

ಮನೆಯವರಿಗೆ ಹೇಳಿದ ಕಾರಣ ಎಐ. "ಎಐ ಕಲಿಯಲಿಕ್ಕೆ ಬೇಕು." ಈಗ ಇದೊಂದು ಮಾತಿದ್ದರೆ ಸಾಕು. ನಮ್ಮ ಕಾಲದಲ್ಲಿ ಟೇಪ್ ರೆಕಾರ್ಡರ್ ತಗೊಳ್ಳಲು ಇಂಗ್ಲಿಷ್ ಕಲಿಯುವ ನೆವ ಇತ್ತಲ್ಲ, ಹಾಗೆ. ಭಾವ ತಲೆಯಾಡಿಸಿದ. ಎಂಜಿನಿಯರಿಂಗ್ ಕಾಲೇಜಿಗೆ ಮಗನನ್ನು ಹಾಕಿದ ತಂದೆ ಎಐ ಅಂದಾಗ ಬೇಡ ಅನ್ನಲು ಸಾಧ್ಯ ಉಂಟಾ?

ಆಯುಧಪೂಜೆಯ ದಿನ ನಾನೂ ಹೋಗಿದ್ದೆ. ಕಾರು, ಸ್ಕೂಟರು, ಮಿಕ್ಸಿ, ಗ್ರೈಂಡರು, ಕತ್ತಿ, ತೆಂಗಿನಕಾಯಿ ಸುಲಿಯುವ ಯಂತ್ರ. ಇವೆಲ್ಲದರ ನಡುವೆ ಒಂದು ಮಣೆ. ಮಣೆಯ ಮೇಲೆ ಬಾಳೆಲೆ, ಬಾಳೆಲೆಯ ಮೇಲೆ ಕಾರ್ಡು. ಮೂರು ಫ್ಯಾನಿಗೂ ಒಂದೊಂದು ಸೇವಂತಿಗೆ. ಅಜ್ಜಿ ಕುಂಕುಮ ಹಚ್ಚಲು ಬೆರಳು ಚಾಚಿದಾಗ ಅಳಿಯನ ಉಸಿರು ನಿಂತೇ ಹೋಯಿತು. "ಅಜ್ಜಿ, ಪ್ಲಾಸ್ಟಿಕ್ ಮೇಲೆ ಮಾತ್ರ, ಪ್ಲಾಸ್ಟಿಕ್ ಮೇಲೆ ಮಾತ್ರ!"

"ಇದು ಎಂತ ಮಾಡುತ್ತದೆ ಮಗಾ?"

"ಚಿತ್ರ ಬಿಡಿಸುತ್ತದೆ ಅಜ್ಜಿ. ಒಂದು ಸೆಕೆಂಡಿಗೆ ನೂರಾರು."

"ಎಲ್ಲಿ ಕಾಣುವುದು?"

ಅವನು ರೂಮಿನ ಬಾಗಿಲಿಗೆ ಕೈ ತೋರಿಸಿದ. ಅಲ್ಲಿ ಮೇಜಿನ ಮೇಲೆ ನನ್ನ ಮಾನಿಟರ್. ಅಜ್ಜಿ ಅದನ್ನು ನೋಡಿದರು, ಕಾರ್ಡನ್ನು ನೋಡಿದರು. ಏನೂ ಹೇಳಲಿಲ್ಲ. ಎದ್ದು ಹೋಗಿ ಮಾನಿಟರಿಗೂ ಒಂದು ಹೂ ಇಟ್ಟು ಬಂದರು.

ಮರುದಿನ ಕೂರಿಸುವ ಕಾರ್ಯಕ್ರಮ. ಮಳೆಗಾಲದಲ್ಲಿ ನಮ್ಮಲ್ಲಿ ಯಕ್ಷಗಾನದ ಚಿಕ್ಕಮೇಳ ಮನೆಮನೆಗೆ ಬರುತ್ತದಲ್ಲ, ಚಾವಡಿಯಲ್ಲೇ ಹದಿನೈದು ನಿಮಿಷ ಕುಣಿದು ಹೋಗುತ್ತದೆ. ಅಂಥ ಮೇಳಕ್ಕೆ ರಾಕ್ಷಸನ ದೊಡ್ಡ ಬಣ್ಣದ ವೇಷ ಬಂದು, ಕಿರೀಟ ಬಾಗಿಲಲ್ಲೇ ಸಿಕ್ಕಿಕೊಂಡರೆ ಹೇಗೆ? ಹಾಗಾಯಿತು. ಕಂಪ್ಯೂಟರಿನ ಡಬ್ಬದ ಒಳಗೆ ಕಾರ್ಡು ಹಿಡಿಯಲಿಲ್ಲ. ಹಾರ್ಡ್ ಡಿಸ್ಕ್ ಇಡುವ ಗೂಡು ಕಿತ್ತು ಹೊರಗೆ ಹಾಕಿದರು. ಬದಿಯ ಮುಚ್ಚಳ ಮುಚ್ಚಲಿಲ್ಲ. "ಗಾಳಿ ಆಡಲಿ" ಅಂದ ಅಳಿಯ. ಹಳೇ ಪವರ್ ಸಪ್ಲೈ ಸಾಲದು, ಈ ಕಾರ್ಡಿಗೆ 1000 ವ್ಯಾಟಿನದ್ದು ಇರಲಿ ಅಂತ ಕಂಪನಿಯೇ ಹೇಳುತ್ತದೆ. ಅದನ್ನೂ ತಂದಾಗಿತ್ತು. ಸ್ಕ್ರೂ ಬಿಗಿದ ಮೇಲೆ ನೋಡಿದರೆ ಕಾರ್ಡಿನ ಮೂತಿ ಕೆಳಗೆ ಬಾಗಿದೆ. ಭಾರ ತಾಳದೆ. ಕೆಳಗಿನಿಂದ ಆಧಾರ ಕೊಡಬೇಕು. ತಂಗಿ ಅಮೃತಾಂಜನದ ಖಾಲಿ ಬಾಟಲಿ ತಂದುಕೊಟ್ಟಳು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ಆಮೇಲೆ ಎಲ್ಲರೂ ಸುಮ್ಮನಾದರು. ಕಾರ್ಡಿನ ಹಿಂದೆ ನಾಲ್ಕು ತೂತು ಉಂಟು. ಮೂರು ಡಿಸ್‌ಪ್ಲೇಪೋರ್ಟ್, ಒಂದು ಎಚ್‌ಡಿಎಂಐ. ನೀಲಿ ಪ್ಲಗ್ಗಿಗೆ ಜಾಗವೇ ಇಲ್ಲ. ಹಳೇ ಪುಟ್ಟ ಕಾರ್ಡಿಗೆ ಹಾಕುತ್ತಿದ್ದ ಕನ್ವರ್ಟರ್ ಡ್ರಾಯರಿನಲ್ಲಿ ಸಿಕ್ಕಿತು. ಹೆಬ್ಬೆರಳಿನಷ್ಟು ದೊಡ್ಡದು, ಮುನ್ನೂರೈವತ್ತು ರೂಪಾಯಿಯದ್ದು. ಈಗ ಎರಡು ಲಕ್ಷದ ಕಾರ್ಡು ಬಿಡಿಸಿದ ಚಿತ್ರವೆಲ್ಲ ಇದರ ಮೂಲಕವೇ ಪರದೆಗೆ ಹೋಗಬೇಕು. ತುಂಬಿದ ನೇತ್ರಾವತಿ ಟೀ ಸೋಸುವ ಜಾಲರಿಯಲ್ಲಿ ಸಮುದ್ರ ಸೇರಿದ ಹಾಗೆ.

ಆಟ ಶುರುವಾಯಿತು. ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಹಸಿರು ಬಣ್ಣದಲ್ಲಿ ಮಿನುಗುತ್ತಿತ್ತು. ಎಫ್‌ಪಿಎಸ್. ಒಂದು ಸೆಕೆಂಡಿಗೆ ಎಷ್ಟು ಚಿತ್ರ ತಯಾರಾಗುತ್ತದೆ ಅನ್ನುವ ಲೆಕ್ಕ. ಮೊದಲು 150 ಇದ್ದದ್ದು ಈಗ 170. ಅಳಿಯನ ಗೆಳೆಯರು ಚಪ್ಪಾಳೆ ತಟ್ಟಿದರು. ಸಣ್ಣ ವಿಷಯವೊಂದು ಯಾರಿಗೂ ನೆನಪಾಗಲಿಲ್ಲ. ನನ್ನ ಮಾನಿಟರ್ 60 ಹರ್ಟ್ಸಿನದ್ದು. ಸೆಕೆಂಡಿಗೆ ಅರವತ್ತು ಸಲ ಮಾತ್ರ ಚಿತ್ರ ಬದಲಿಸುತ್ತದೆ. ಉಳಿದ 110ನ್ನು ಕಾರ್ಡು ಬಿಡಿಸುತ್ತದೆ, ಯಾರೂ ನೋಡುವುದಿಲ್ಲ. ಮೊದಲು ನೋಡದೆ ಬಿಟ್ಟದ್ದು 90. ಈಗ ಅದಕ್ಕಿಂತ ಇಪ್ಪತ್ತು ಜಾಸ್ತಿ ನೋಡದೆ ಬಿಡುತ್ತೇವೆ. ಎರಡು ಲಕ್ಷಕ್ಕೆ ಸಿಕ್ಕಿದ್ದು ಈ ಇಪ್ಪತ್ತು.

"ಮಾಮಾ, ಬಟನ್ ಒತ್ತಿದ್ದು ಬೇಗ ಗೊತ್ತಾಗುತ್ತದೆ" ಅಂತ ಅಳಿಯ ವಾದಿಸಿದ. ಒಂದಿಷ್ಟು ನಿಜ. ಫ್ರೇಮು ಜಾಸ್ತಿ ಇದ್ದರೆ ಕೈಗೂ ಪರದೆಗೂ ನಡುವಿನ ತಡ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಆದರೆ ಅದೇ ಹೊತ್ತಿಗೆ ಎದುರಾಳಿಯೊಬ್ಬ ಬಂದು ಆ ಸತ್ತ ಚುಕ್ಕಿಯ ಹತ್ತಿರ ನಿಂತ. ಅಳಿಯ ಚುಕ್ಕಿಗೆ ಗುಂಡು ಹೊಡೆದ. ಎದುರಾಳಿ ಅಳಿಯನಿಗೆ ಹೊಡೆದ.

ಇಷ್ಟು ದೊಡ್ಡ ಕಾರ್ಡಿಗೆ ಇಷ್ಟೇ ಯಾಕೆ? ಇದನ್ನು ತಿಳಿಯಲು ಮಂಗಳೂರಿನ ನಂತೂರು ಸರ್ಕಲ್ಲಿಗೆ ಹೋಗಬೇಕು. ಸಂಜೆ ಆರು ಗಂಟೆ. ನಿಮ್ಮಲ್ಲಿ ಹೊಸ ಕಾರು ಉಂಟು, ಇನ್ನೂರರ ಸ್ಪೀಡಲ್ಲಿ ಹೋಗುತ್ತದೆ. ಎದುರಿಗೆ ಗ್ಯಾಸಿನ ಬುಲೆಟ್ ಟ್ಯಾಂಕರ್. ಹೆಸರಲ್ಲಿ ಮಾತ್ರ ಬುಲೆಟ್. ಈಗ ನಿಮ್ಮ ಸ್ಪೀಡ್ ಎಷ್ಟು? ಟ್ಯಾಂಕರಿನದ್ದೇ ನಿಮ್ಮದು. ಕಂಪ್ಯೂಟರ್ ಒಳಗೂ ಇದೇ ಕಥೆ. ಯಾರು ಎಲ್ಲಿ ಓಡಿದರು, ಗುಂಡು ಯಾರಿಗೆ ತಾಗಿತು ಅಂತ ಪ್ರೊಸೆಸರ್ ಮೊದಲು ಲೆಕ್ಕ ಹಾಕಿ ಹೇಳಬೇಕು. ಆಮೇಲೆ ಕಾರ್ಡು ಬಿಡಿಸಬೇಕು. 4ಕೆ ಪರದೆ ಆದರೆ 82,94,400 ಚುಕ್ಕಿ, ಕಾರ್ಡಿಗೆ ಕೈತುಂಬ ಕೆಲಸ. ಫುಲ್ ಎಚ್‌ಡಿ ಅಂದರೆ ಅದರ ಕಾಲು ಭಾಗ. ಕಾರ್ಡು ಒಂದು ಚಿಟಿಕೆಯಲ್ಲಿ ಮುಗಿಸಿ ಪ್ರೊಸೆಸರಿನ ಬಾಯಿ ನೋಡುತ್ತಾ ಕೂರುತ್ತದೆ. ಅಳಿಯನ ಪರದೆಯಲ್ಲೇ ಇನ್ನೂ ಎರಡು ಸಂಖ್ಯೆ ಇತ್ತು. ಪ್ರೊಸೆಸರ್ ನೂರಕ್ಕೆ 100. ಕಾರ್ಡು ನೂರಕ್ಕೆ 12. ಒಬ್ಬ ಮುದುಕ ಬೆವರು ಸುರಿಸಿ ಕಲ್ಲು ಹೊರುತ್ತಿದ್ದಾನೆ, ಪೈಲ್ವಾನ ಎಳನೀರು ಕುಡಿಯುತ್ತಾ ಕುಳಿತಿದ್ದಾನೆ.

ಇದನ್ನು ಹೇಳಿದ್ದಕ್ಕೆ ಅಳಿಯನ ಗೆಳೆಯನೊಬ್ಬ ನನ್ನನ್ನು ಕನಿಕರದಿಂದ ನೋಡಿದ. "ಅಂಕಲ್, ಇದು ಫ್ಯೂಚರ್ ಪ್ರೂಫ್."

ಈ ಮಾತು ನನಗೆ ಹೊಸತಲ್ಲ. ಬಿಜೈಯಿಂದ ಸುರತ್ಕಲ್‌ವರೆಗೆ ಒಳದಾರಿಯಲ್ಲಿ ಬನ್ನಿ, ಎರಡೂ ಬದಿಗೆ ಫ್ಯೂಚರ್ ಪ್ರೂಫ್ ಮನೆಗಳು. ಆರು ಬೆಡ್‌ರೂಮು, ಆರಕ್ಕೂ ಅಟ್ಯಾಚ್ಡ್ ಬಾತ್‌ರೂಮು, ಎದುರಿಗೆ ಎರಡಾಳೆತ್ತರದ ಕಂಬ. ಮಕ್ಕಳು ಬಂದಾಗ ಬೇಕು ಅಂತ ಕಟ್ಟಿಸಿದ್ದು. ಮಕ್ಕಳು ದುಬೈಯಲ್ಲಿ, ಬೆಂಗಳೂರಲ್ಲಿ. ಮನೆಯಲ್ಲಿ ಇರುವುದು ಇಬ್ಬರು. ಅವರೂ ಮೊಣಕಾಲು ನೋವು ಅಂತ ಮೆಟ್ಟಿಲು ಹತ್ತುವುದಿಲ್ಲ, ಅಡುಗೆಮನೆ ಪಕ್ಕದ ಸಣ್ಣ ಕೋಣೆಯಲ್ಲಿ ಮಲಗುತ್ತಾರೆ. ಮೇಲಿನ ಐದು ಕೋಣೆಗೆ ವಾರಕ್ಕೊಮ್ಮೆ ಗುಡಿಸಲು ಜನ ಬರುತ್ತಾರೆ. 32 ಜಿಬಿಯಲ್ಲಿ ಅಳಿಯನ ಆಟಕ್ಕೆ ಬೇಕಾದದ್ದು ಆ ಅಡುಗೆಮನೆ ಪಕ್ಕದ ಕೋಣೆಯಷ್ಟು. ಅದೇ ಆಟ ಇಂಟೆಲ್ ಎಚ್‌ಡಿ 4000ದಲ್ಲೂ ಓಡುತ್ತದೆ ಅಂತ ಆಟ ಮಾಡಿದವರೇ ಬರೆದಿದ್ದಾರೆ. ಅದು 2012ರ ಪ್ರೊಸೆಸರಿನೊಳಗೆ ಪುಕ್ಕಟೆ ಬರುತ್ತಿದ್ದದ್ದು. ನನ್ನ ಮಾನಿಟರಿನ ಓರಗೆಯದ್ದು.

ನಾನೇನು ಸಾಚಾ ಅಲ್ಲ. ನನ್ನ ಫೋನಿನಲ್ಲಿ 200 ಮೆಗಾಪಿಕ್ಸೆಲ್ ಕ್ಯಾಮರಾ ಉಂಟು. ಅದರಲ್ಲಿ ನಾನು ತೆಗೆಯುವುದು ಕರೆಂಟ್ ಬಿಲ್ಲಿನ ಫೋಟೊ.

ಹಾಗಾದರೆ ಫುಲ್ ಎಚ್‌ಡಿಯಲ್ಲಿ ಆಡುವವರಿಗೆ ಏನು ಬೇಕು? ನಮ್ಮ ಕಂಪ್ಯೂಟರ್ ರಿಪೇರಿಯ ಹುಡುಗನನ್ನು ಕೇಳಿದೆ. ಅವನು ಮದರ್‌ಬೋರ್ಡಿನ ಧೂಳು ಊದುತ್ತಾ ಹೇಳಿದ: ಆರ್‌ಟಿಎಕ್ಸ್ 5060 ಸಾಕು, 2025ರಲ್ಲಿ ಬಂದಾಗ 299 ಡಾಲರ್ ಇದ್ದದ್ದು, 145 ವ್ಯಾಟ್. ಅದರ 8 ಜಿಬಿ ಮೆಮೊರಿ ಕೆಲವು ಹೊಸ ಆಟಕ್ಕೆ ಸಾಲುವುದಿಲ್ಲ, ಹಾಗಾಗಿ ಸಾಧ್ಯವಾದರೆ 16 ಜಿಬಿ ಇರುವ ಮಧ್ಯಮ ದರ್ಜೆಯದ್ದು ತಗೊಳ್ಳಿ. 240 ಹರ್ಟ್ಸ್ ಮಾನಿಟರ್ ಇದ್ದು, ಪ್ರೊಸೆಸರೂ ಹೊಸತಿದ್ದರೆ ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗಬಹುದು. ಕಂಪ್ಯೂಟರ್ ಆಟ ಮಾರುವ ಸ್ಟೀಮ್‌ನವರ ತಿಂಗಳ ಸಮೀಕ್ಷೆಯಲ್ಲಿ ಈಗಲೂ ಹೆಚ್ಚಿನವರ ಪರದೆ 1920 ಬೈ 1080ರದ್ದೇ, ನಾಚಿಕೆ ಪಡಬೇಕಾಗಿಲ್ಲ. "ನೀವು ಇದನ್ನೆಲ್ಲ ಗಿರಾಕಿಗಳಿಗೆ ಹೇಳುವುದಿಲ್ಲವಾ?" ಅಂದೆ. "ಹೇಳಿದರೆ ಬೇರೆ ಅಂಗಡಿಗೆ ಹೋಗುತ್ತಾರೆ ಸಾರ್. ಇವನಿಗೆ ದೊಡ್ಡ ಕಾರ್ಡು ಗೊತ್ತಿಲ್ಲ ಅಂತ."

ಅಳಿಯನಿಗೆ ನನ್ನ ಮಾತು ಎಲ್ಲೋ ತಾಗಿರಬೇಕು. ಮುಂದಿನ ಭಾನುವಾರ ಡಬ್ಬವನ್ನೇ ಹೊತ್ತುಕೊಂಡು ಹಾಲ್‌ಗೆ ಬಂದ, ಅಮೃತಾಂಜನದ ಬಾಟಲಿ ಸಮೇತ. ಹಾಲ್‌ನಲ್ಲಿ 55 ಇಂಚಿನ 4ಕೆ ಟಿವಿ ಉಂಟು. ಕಾರ್ಡಿಗೆ ತಕ್ಕ ಪರದೆ. ಕನ್ವರ್ಟರ್ ಬೇಡ, ಸೀದಾ ಎಚ್‌ಡಿಎಂಐ. ಆಟವೂ ದೊಡ್ಡದು, ಸೈಬರ್‌ಪಂಕ್ 2077. ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕುವ ಪಾತ್ ಟ್ರೇಸಿಂಗ್ ಸಮೇತ ಎಲ್ಲ ಸೆಟ್ಟಿಂಗನ್ನೂ ಮೇಲಕ್ಕೆ ತಳ್ಳಿದ. ಈ ಸಲ ಕಾರ್ಡಿಗೆ ನಿಜವಾಗಿ ಎಚ್ಚರವಾಯಿತು. ಫ್ಯಾನು ಗುಂಯ್ ಅಂದಿತು. ಹಾಲ್‌ನಲ್ಲಿ ಸೆಕೆ ಏರಿತು. ಮೂಲೆಯ ಸಂಖ್ಯೆ ಮೂವತ್ತರ ಹತ್ತಿರ ತಡವರಿಸುತ್ತಿತ್ತು.

"ಇಷ್ಟೇನಾ?" ಅಂದೆ.

"ಇರಿ ಮಾಮಾ, ಡಿಎಲ್‌ಎಸ್‌ಎಸ್ ಹಾಕಬೇಕು." ಪರ್ಫಾರ್ಮೆನ್ಸ್ ಅಂತ ಒತ್ತಿದ. ಸಂಖ್ಯೆ ಮೇಲೆ ಹೋಯಿತು. ಫ್ರೇಮ್ ಜನರೇಶನ್ ಅಂತ ಇನ್ನೊಂದು ಒತ್ತಿದ. ಇನ್ನೂ ಮೇಲೆ ಹೋಯಿತು.

ಇದೇನು ಪವಾಡ ಅಂತ ನಾನು ಕೇಳಿ ತಿಳಿದುಕೊಂಡೆ. 4ಕೆ ಪರದೆಯಲ್ಲಿ ಪರ್ಫಾರ್ಮೆನ್ಸ್ ಒತ್ತಿದರೆ ಕಾರ್ಡು 4ಕೆ ಚಿತ್ರ ಬಿಡಿಸುವುದೇ ಇಲ್ಲ. ಒಳಗೆ ಸಣ್ಣ ಚಿತ್ರ ಬಿಡಿಸಿ, ಎಐ ಲೆಕ್ಕದಲ್ಲಿ ಅದನ್ನು ಹಿಗ್ಗಿಸಿ ತೋರಿಸುತ್ತದೆ. ಮೇಲಿಂದ, ಒಂದು ನಿಜವಾದ ಫ್ರೇಮಿಗೆ ಮೂರು ಅಂದಾಜಿನ ಫ್ರೇಮು ಸೇರಿಸುತ್ತದೆ. ಎರಡೂ ಸೇರಿದರೆ ಹದಿನಾರು ಚುಕ್ಕಿಯಲ್ಲಿ ಒಂದು ಮಾತ್ರ ಬಿಡಿಸಿದ್ದು, ಹದಿನೈದು ಊಹೆ. ಒಂದು ಬಂಗುಡೆ ಹಾಕಿ ಹದಿನಾರು ಜನಕ್ಕೆ ಗಸಿ ಮಾಡಿದ ಹಾಗೆ. ರುಚಿ ಚೆನ್ನಾಗಿಯೇ ಇರುತ್ತದೆ, ಸುಳ್ಳು ಹೇಳಬಾರದು. ನೋಡಲಿಕ್ಕೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.

"ಒಳಗೆ ಸಣ್ಣ ಚಿತ್ರ ಅಂದೆಯಲ್ಲ, ಎಷ್ಟು ಸಣ್ಣದು?" ಅಂತ ಕೇಳಿದೆ.

ಅಳಿಯ ಸ್ವಲ್ಪ ಹೊತ್ತು ಟಿವಿ ನೋಡಿದ. "1920 ಬೈ 1080" ಅಂದ.

ಅಷ್ಟರಲ್ಲಿ ಹೊರಗೆ ಒಂದು ಮೋಡ ಬಂದಿತ್ತು. ನಮ್ಮಲ್ಲಿ ಕರೆಂಟ್ ಹೋಗಲು ಮಳೆ ಬರಬೇಕೆಂದಿಲ್ಲ, ಮೋಡ ಸಾಕು. ಹೋಯಿತು. ಇನ್ವರ್ಟರ್ ಒಂದು ಕ್ಷಣ ಪ್ರಯತ್ನಪಟ್ಟು ಉದ್ದಕ್ಕೆ ಕೂಗಿ ಕೈಚೆಲ್ಲಿತು. ಕತ್ತಲಲ್ಲಿ ಅಡುಗೆಮನೆಯಿಂದ ತಂಗಿಯ ಸ್ವರ: "ಎಂಟು ಗಂಟೆಗೆ ನನಗೆ ಧಾರಾವಾಹಿ ಉಂಟು. ಆ ಪೆಟ್ಟಿಗೆ ತೆಗಿ."

ಕರೆಂಟ್ ಬಂದಾಗ ಡಬ್ಬ ವಾಪಸ್ ರೂಮು ಸೇರಿತ್ತು. ಅಳಿಯ ಮೇಜಿನಡಿ ನುಗ್ಗಿ ನೀಲಿ ಪ್ಲಗ್ಗು ಹಾಕುತ್ತಿದ್ದ. ನಾನು ಮೊಬೈಲ್ ಟಾರ್ಚ್ ಹಿಡಿದಿದ್ದೆ.

"ಮಾಮಾ, ಒಂದು ರೂಪಾಯಿ ನಾಣ್ಯ ಉಂಟಾ? ಇದನ್ನು ಬಿಗಿಯಬೇಕು."

ಕೊಟ್ಟೆ.

"ಇನ್ನೊಂದು ಸ್ಕ್ರೂ ಎಲ್ಲಿ?"

"ನಾನು ಕೊಡುವಾಗಲೇ ಒಂದೇ ಇದ್ದದ್ದು" ಅಂದೆ.