ನೈಲ್ ನೆರೆ ಮತ್ತು ಐದು ಪಿಯಾಸ್ಟರ್ ರೊಟ್ಟಿ

ಈಜಿಪ್ಟ್ ಅಂದ ಕೂಡಲೇ ನಮ್ಮಲ್ಲಿ ಮಾತು ಎರಡು ದಾರಿ ಹಿಡಿಯುತ್ತದೆ. "ಪಿರಮಿಡ್ ಕಟ್ಟಿದವರೇ ಬೇರೆ, ಈಗಿರುವವರೇ ಬೇರೆ, ಅರಬರು ಬಂದಲ್ಲಿಗೆ ಎಲ್ಲ ಮುಗಿಯಿತು" ಅನ್ನುವವರು ಒಂದು ಕಡೆ. "ಐದು ಸಾವಿರ ವರ್ಷದಿಂದ ಅಲ್ಲಿನ ರೈತ ಒಂಚೂರೂ ಬದಲಾಗಿಲ್ಲ" ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಅಲ್ಲಿ ರಾಜರು ಬದಲಾದರು, ದೇವರು ಬದಲಾದರು, ಮನೆಮಾತೇ ಬದಲಾಯಿತು. ಅಷ್ಟಾದರೂ ಹಳ್ಳಿಯ ವರ್ಷಚಕ್ರ ಹೆಚ್ಚುಕಡಿಮೆ ಹಾಗೇ ಉರುಳುತ್ತಿತ್ತು. ಅದು ನಿಲ್ಲತೊಡಗಿದ್ದು 19ನೇ ಶತಮಾನದಲ್ಲಿ, ಕಾಲುವೆ ತೋಡಿದಾಗ.

ಮೊದಲು ಹಳೆಯ ಏರ್ಪಾಟು ನೋಡಿ. ಇಥಿಯೋಪಿಯಾದ ಬೆಟ್ಟಗಳಲ್ಲಿ ಮಳೆ ಹಿಡಿದರೆ ಜೂನ್-ಜುಲೈ ಹೊತ್ತಿಗೆ ಈಜಿಪ್ಟಿನ ದಕ್ಷಿಣ ತುದಿಯ ಅಸ್ವಾನಿನಲ್ಲಿ ನೈಲ್ ಏರತೊಡಗುತ್ತಿತ್ತು, ಸೆಪ್ಟೆಂಬರ್ ಮೊದಲಲ್ಲಿ ತುಂಬಿ ನಿಲ್ಲುತ್ತಿತ್ತು. ದಂಡೆಯ ಬಯಲನ್ನು ಮಣ್ಣಿನ ಏರಿಗಳಿಂದ ದೊಡ್ಡ ದೊಡ್ಡ ಮಡಿಗಳಾಗಿ ಭಾಗ ಮಾಡಿರುತ್ತಿದ್ದರು. ನಮ್ಮ ಗದ್ದೆಯ ಮಡಿಯಂತಲ್ಲ; ಒಂದೊಂದೂ ಸಾವಿರಾರು ಎಕರೆಯದು. ಆಗಸ್ಟ್ ನಡುವಿಗೆ ಏರಿ ಕಡಿದು ಕೆನ್ನೀರನ್ನು ಒಳಗೆ ಬಿಟ್ಟರೆ ಸುಮಾರು ಒಂದೂವರೆ ತಿಂಗಳು ಆಳೆತ್ತರಕ್ಕೆ ತುಸು ಕಡಿಮೆ ನೀರು ಅಲ್ಲೇ ನಿಲ್ಲುತ್ತಿತ್ತು. ಮೆಕ್ಕಲು ತಳ ಸೇರುತ್ತಿತ್ತು, ನೆಲ ಕುಡಿಯುವಷ್ಟು ಕುಡಿಯುತ್ತಿತ್ತು. ಅಕ್ಟೋಬರಿನಲ್ಲಿ ಉಳಿದ ನೀರನ್ನು ನದಿಗೆ ಬಿಡುವಾಗ ನೆಲದ ಉಪ್ಪೂ ಅದರ ಜೊತೆ ತೊಳೆದು ಹೋಗುತ್ತಿತ್ತು. ಆ ಕೆಸರಿನ ಮೇಲೆ ಬೀಜ ಚೆಲ್ಲಿದರೆ ಕೊಯ್ಲಿನ ತನಕ ಮತ್ತೆ ನೀರು ಕಟ್ಟುವ ಕೆಲಸವಿಲ್ಲ, ಗೊಬ್ಬರದ ಗೊಡವೆಯಿಲ್ಲ. ಆದರೆ ವರ್ಷಕ್ಕೆ ಒಂದೇ ಬೆಳೆ. ತೋಟ, ತರಕಾರಿಗೆ ಬೇಸಿಗೆಯಲ್ಲಿ ಶಾದೂಫ್ ಇತ್ತು. ಅದು ಬೇರೇನಲ್ಲ, ನಮ್ಮ ಏತವೇ.

ಈ ವ್ಯವಸ್ಥೆಯ ಲಗಾಮು ಇದ್ದದ್ದು ನೆರೆಯ ಎತ್ತರದ ಕೈಯಲ್ಲಿ. ಅಳತೆ ಮೊಳದಲ್ಲಿ. ರೋಮನ್ ಬರಹಗಾರ ಪ್ಲಿನಿ 1ನೇ ಶತಮಾನದಲ್ಲಿ ಕೊಟ್ಟ ಲೆಕ್ಕ ಹೀಗಿದೆ: 12 ಮೊಳ ಏರಿದರೆ ಬರ, 13ಕ್ಕೂ ಹಸಿವು, 14ಕ್ಕೆ ನಗು, 15ಕ್ಕೆ ನೆಮ್ಮದಿ, 16ಕ್ಕೆ ಹಬ್ಬ. ತೀರಾ ಮೇಲೇರಿದರೆ ಏರಿ ಒಡೆದು ಊರೇ ಕೊಚ್ಚಿಹೋಗುತ್ತಿತ್ತು. ಕೈರೋದ ರೋಡಾ ದ್ವೀಪದಲ್ಲಿ ಕ್ರಿ.ಶ. 861ರಲ್ಲಿ ಕಟ್ಟಿಸಿದ ನೀರಳತೆಯ ಕಂಬ ಇವತ್ತಿಗೂ ನಿಂತಿದೆ. ಕಟ್ಟಿಸಿದವನು ಅಬ್ಬಾಸಿ ಖಲೀಫ, ಆದರೆ ಅವನೂ ನೋಡಿದ್ದು ಅದೇ 16 ಮೊಳವನ್ನು. ಅಷ್ಟು ಏರಿತೆಂದು ಸಾರಿದ ಮೇಲೇ ಭೂಕಂದಾಯದ ಮಾತು. ಫರೋ ಹೋಗಿ ಖಲೀಫ ಬಂದರೂ ತೆರಿಗೆಯ ತಳಪಾಯ ಅಲುಗಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ಭಾಷೆ, ಧರ್ಮಗಳ ಕಥೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಚಿತ್ರಲಿಪಿಯ ಕೊನೆಯ ಶಾಸನ ಫಿಲೆ ದೇಗುಲದ್ದು, ಕ್ರಿ.ಶ. 394. ಆ ಹೊತ್ತಿಗೆ ನಾಡು ಬಹುಪಾಲು ಕ್ರೈಸ್ತವಾಗುತ್ತಿತ್ತು, ಹಳೆಯ ಮಾತನ್ನೇ ಗ್ರೀಕ್ ಅಕ್ಷರದಲ್ಲಿ ಬರೆದು ಕಾಪ್ಟಿಕ್ ಅನ್ನುತ್ತಿದ್ದರು. ಅರಬರು ಗೆದ್ದದ್ದು 640ರ ಆಸುಪಾಸಿನಲ್ಲಿ. ಜನ ಅರಬ್ಬಿ ಕಲಿತದ್ದು, ಇಸ್ಲಾಮಿಗೆ ಹೋದದ್ದು ಶತಮಾನಗಳ ಕೆಲಸ. ರೈತರು ಮಾತ್ರ ತಿಂಗಳುಗಳನ್ನು ಬಿಡಲಿಲ್ಲ. ತೂತ್, ಬಾಬಾ, ಹಾತೂರ್, ತೂಬಾ, ಅಮ್ಶೀರ್ ಅಂತ ಹಳೆಯ ಈಜಿಪ್ಟಿನ ಹೆಸರುಗಳಲ್ಲೇ ಮುಸ್ಲಿಂ ರೈತರೂ ಬಿತ್ತನೆ ಎಣಿಸುತ್ತಾರೆ. ತೂಬಾದ ಚಳಿ ಹರೆಯದವಳನ್ನು ಮುದುಕಿ ಮಾಡುತ್ತದೆ ಅನ್ನುವ ಗಾದೆ ಅರಬ್ಬಿಯಲ್ಲಿದೆ. ಗೋಡೆಯಲ್ಲಿ ಜನವರಿಯ ಕ್ಯಾಲೆಂಡರ್ ತೂಗುತ್ತಿದ್ದರೂ ನಮ್ಮವರು ಭರಣಿ ಮಳೆ, ಮಘೆ ಮಳೆ ಅನ್ನುತ್ತಾರಲ್ಲ, ಹಾಗೆ.

ಇನ್ನು ರೊಟ್ಟಿಗೆ ಬರೋಣ. ಫರೋಗಳ ಕಾಲದ ಗೋಧಿ ಎಮ್ಮರ್ ಜಾತಿಯದು. ಅದು ನಮಗೆ ಹೊಸದಲ್ಲ: ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಜವೆಗೋಧಿ, ಸದಕ ಅನ್ನುವುದು ಅದನ್ನೇ. ಒಕ್ಕಿದರೆ ಕಾಳು ಹೊರಗೆ ಬರುವುದಿಲ್ಲ, ಸಿಪ್ಪೆಯ ಸಮೇತ ತೆನೆ ತುಂಡಾಗುತ್ತದೆ. ಆ ಸಿಪ್ಪೆಯಿಂದಾಗಿಯೇ ಕಣಜದಲ್ಲಿ ಹುಳ ಬೀಳುವುದು ಕಡಿಮೆ. ತಿನ್ನಬೇಕಾದರೆ ಮಾತ್ರ ದಿನದ ಪಾಲನ್ನು ತುಸು ನೀರು ಚಿಮುಕಿಸಿ ಒರಳಿಗೆ ಹಾಕಿ ಕುಟ್ಟಬೇಕು. ಒಣಗಿದ್ದನ್ನು ಕುಟ್ಟಿದರೆ ಕಾಳು ನುಚ್ಚಾಗುತ್ತದೆ, ನೀರು ಹೆಚ್ಚಾದರೆ ಮುದ್ದೆಗಟ್ಟುತ್ತದೆ. ಆಮೇಲೆ ಒಣಗಿಸಿ, ಕೇರಿ, ಇಳಿಜಾರಾಗಿ ಇಟ್ಟ ಕಲ್ಲಿನ ಮೇಲೆ ಅರೆಯುವುದು. ಅಲ್ಲಿನ ಹೆಂಗಸರ ದಿನದ ದೊಡ್ಡ ಪಾಲು ಇದಕ್ಕೇ ಹೋಗುತ್ತಿತ್ತು. ಗ್ರೀಕರ ಆಳ್ವಿಕೆ ಬಂದು ಒಂದೆರಡು ಶತಮಾನದಲ್ಲಿ ಸಿಪ್ಪೆ ಕಳಚುವ ಗೋಧಿ ಎಮ್ಮರನ್ನು ಓಡಿಸಿತು. ಮಾರುಕಟ್ಟೆಗೆ, ಮುಂದೆ ರೋಮಿಗೆ ಹಡಗು ತುಂಬಲು ಅದೇ ಅನುಕೂಲ. (ಈಜಿಪ್ಟಿನ ಹಳೆಯ ಊರು ಆಕ್ಸಿರಿಂಕಸ್‌ನ ತಿಪ್ಪೆಯಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಇದೆಯೋ ಇಲ್ಲವೋ ಎಂದು ನಾವು ನೂರು ವರ್ಷದಿಂದ ವಾದಿಸುತ್ತಿದ್ದೇವೆ. ಅದೇ ತಿಪ್ಪೆಯಲ್ಲಿ ರಾಶಿ ರಾಶಿ ಸಿಕ್ಕಿದ್ದು ಕಂದಾಯದ ರಸೀದಿ, ಗೇಣಿ ಪತ್ರ, ಧಾನ್ಯದ ಲೆಕ್ಕ. ಅದನ್ನು ಕೇಳುವವರಿಲ್ಲ.)

ರೊಟ್ಟಿಯೇ ಸಂಬಳವೂ ಆಗಿತ್ತು. ರಾಜರ ಗೋರಿ ಕೊರೆಯುವ ಕುಶಲಕರ್ಮಿಗಳಿದ್ದ ದೇರ್ ಎಲ್-ಮದೀನಾದಲ್ಲಿ ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ 4 ಖಾರ್ ಎಮ್ಮರ್, ಒಂದೂವರೆ ಖಾರ್ ಬಾರ್ಲಿ. ಒಂದು ಖಾರ್ ಅಂದರೆ ಸುಮಾರು 77 ಲೀಟರ್ ಅಳತೆ. ಎಮ್ಮರ್ ರೊಟ್ಟಿಗೆ, ಬಾರ್ಲಿ ಬಿಯರಿಗೆ, ಮಿಕ್ಕಿದ್ದು ವಿನಿಮಯಕ್ಕೆ. ಮೂರನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷ, ಅಂದರೆ ಕ್ರಿ.ಪೂ. 1157ರ ಸುಮಾರಿಗೆ, ತಿಂಗಳಾಗಿ 18 ದಿನ ಕಳೆದರೂ ಧಾನ್ಯ ಬರಲಿಲ್ಲ. ಕೆಲಸಗಾರರು ಉಪಕರಣ ಇಟ್ಟು, ಕಾವಲು ದಾಟಿ, ದೇಗುಲದ ಹಿಂದೆ ಹೋಗಿ ಕೂತುಬಿಟ್ಟರು. ಹಸಿದು ಬಂದಿದ್ದೇವೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ ಅಂದದ್ದನ್ನು ಗುಮಾಸ್ತ ಬರೆದಿಟ್ಟಿದ್ದಾನೆ. ಆ ಪಪೈರಸ್ ಈಗ ಇಟಲಿಯ ಟುರಿನ್‌ನಲ್ಲಿದೆ. ದಾಖಲೆಯಿರುವ ಮುಷ್ಕರಗಳಲ್ಲಿ ಇದೇ ಮೊದಲನೆಯದು.

ಅದೇ ಊರಿನ ನೌನಖ್ತೆ ಎಂಬ ಮುದುಕಿ ಕೆಲವು ವರ್ಷದ ಮೇಲೆ ಸಾಕ್ಷಿಗಳ ಮುಂದೆ ಉಯಿಲು ಬರೆಸಿದಳು. ಎಂಟು ಮಕ್ಕಳಲ್ಲಿ, ಮುಪ್ಪಿನಲ್ಲಿ ತನ್ನನ್ನು ನೋಡಿಕೊಳ್ಳದವರಿಗೆ ತನ್ನ ಆಸ್ತಿಯಲ್ಲಿ ಪಾಲಿಲ್ಲ ಎಂದಳು. ಆಸ್ತಿ, ವಿಚ್ಛೇದನ, ದಾವೆ, ಮೂರೂ ಅಂದಿನ ಹೆಣ್ಣಿಗೆ ತೆರೆದಿದ್ದವು. ಈಜಿಪ್ಟಿನ ಮುಸ್ಲಿಂ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ, ತಪ್ಪು ಸಾಬೀತುಪಡಿಸದೆ ಕೋರ್ಟಿನಲ್ಲಿ ವಿಚ್ಛೇದನ ಪಡೆಯಲು ದಾರಿಯಾದದ್ದು 2000ದ ಖುಲಾ ಕಾನೂನಿನಿಂದ. ಅದೂ ಮೆಹರ್ ಹಿಂತಿರುಗಿಸಿದರೆ. ಕಾಲ ಮುಂದಕ್ಕೆ ಹೋದಂತೆ ಎಲ್ಲವೂ ಸಡಿಲವಾಗುತ್ತದೆ ಅಂದುಕೊಂಡವರಿಗೆ ಈ ಮುದುಕಿ ಒಂದು ತೊಡಕು.

ಈಗ ಕಾಲುವೆ. ಒಟ್ಟೊಮನ್ ಸುಲ್ತಾನನ ಗವರ್ನರ್ ಆಗಿ ಮಹಮ್ಮದ್ ಅಲಿ 1805ರಲ್ಲಿ ಅಧಿಕಾರ ಹಿಡಿದ. 1820ರ ದಶಕದಲ್ಲಿ ಉದ್ದ ಎಳೆಯ ಹತ್ತಿ ಶುರುವಾಯಿತು. ಹತ್ತಿ ಬೇಸಿಗೆಯ ಬೆಳೆ, ನದಿ ಇಳಿದಿರುವ ಹೊತ್ತಿನಲ್ಲೇ ಅದಕ್ಕೆ ನೀರು ಬೇಕು. ಹಾಗಾಗಿ ಬಿಟ್ಟಿ ಚಾಕರಿಗೆ ಜನರನ್ನು ಎಳೆದು ತಂದು ಆಳದ ಕಾಲುವೆ ತೋಡಿಸಿದರು. ನೈಲ್ ಕವಲೊಡೆದು ಡೆಲ್ಟಾ ಶುರುವಾಗುವಲ್ಲಿ ಕಟ್ಟಿದ ಅಡ್ಡಗಟ್ಟೆಗೆ ಅಡಿಪಾಯವೇ ಸರಿಯಿರಲಿಲ್ಲ. ಅದನ್ನು ರಿಪೇರಿ ಮಾಡಿ 1890ರ ಹೊತ್ತಿಗೆ ಕೆಲಸಕ್ಕೆ ತಂದವರು ಭಾರತದ ನೀರಾವರಿ ಇಲಾಖೆಯಲ್ಲಿ ಪಳಗಿದ ಬ್ರಿಟಿಷ್ ಎಂಜಿನಿಯರುಗಳು. 1902ರಲ್ಲಿ ಅಸ್ವಾನಿನ ಮೊದಲ ಅಣೆಕಟ್ಟು ಬಂತು. ಒಂದು ಬೆಳೆಯ ಜಾಗದಲ್ಲಿ ಎರಡು ಬೆಳೆಯಾಯಿತು. ನೀರು ತರುವ ಕಾಲುವೆ ಮೊದಲಾಯಿತು, ನೀರು ಹೋಗುವ ಬಸಿಗಾಲುವೆ ಹಿಂದೆ ಬಿತ್ತು. ಉಪ್ಪು ತೊಳೆಯುವ ನೆರೆಯನ್ನಂತೂ ಆ ಹೊಲಗಳಿಗೆ ಬಿಡುತ್ತಿರಲಿಲ್ಲ. ಪರಿಣಾಮ ತುಂಗಭದ್ರಾ ಅಚ್ಚುಕಟ್ಟಿನವರಿಗೆ ಹೇಳಿಕೊಡಬೇಕಿಲ್ಲ: ಸವಳು, ಜವಳು, ಅಂದರೆ ಉಪ್ಪೇರಿದ ನೆಲ, ನೀರು ಬಸಿಯದ ನೆಲ.

ಅದಕ್ಕಿಂತ ಕೆಟ್ಟದ್ದು ನೀರಿನೊಳಗಿತ್ತು. ಬಿಲ್ಹಾರ್ಜಿಯಾ ಹುಳುವಿನ ಮೊಟ್ಟೆ ರೋಗಿಯ ಮೂತ್ರದಿಂದ ನೀರಿಗೆ ಬೀಳುತ್ತದೆ, ಬಸವನಹುಳುವಿನೊಳಗೆ ಬೆಳೆಯುತ್ತದೆ, ಹೊರಬಂದು ನೀರಿಗಿಳಿದವರ ಚರ್ಮ ಕೊರೆದು ಒಳಹೊಗುತ್ತದೆ. ಮಮ್ಮಿಗಳ ಮೂತ್ರಪಿಂಡದಲ್ಲೂ ಮೊಟ್ಟೆ ಸಿಕ್ಕಿದೆ, ರೋಗ ಹಳೆಯದೇ. ಆದರೆ ಹಿಂದೆ ವರ್ಷದ ಬಹುಭಾಗ ಮಡಿ ಒಣಗಿ ಬಸವನಹುಳು ಸಾಯುತ್ತಿದ್ದವು. ಕಾಲುವೆ ವರ್ಷವಿಡೀ ತುಂಬಿದಾಗ ಅವುಗಳಿಗೂ ವರ್ಷವಿಡೀ ಸುಗ್ಗಿ. ಪಾತ್ರೆ ತೊಳೆಯುವ ಹೆಂಗಸರು, ಈಜುವ ಹುಡುಗರು, ನೀರು ಕಟ್ಟುವ ರೈತರು ಯಾರೂ ತಪ್ಪಿಸಿಕೊಳ್ಳಲಿಲ್ಲ. 1950ರ ದಶಕದಿಂದ 1980ರ ದಶಕದ ಮೊದಲವರೆಗೆ ಸರ್ಕಾರ ಹಳ್ಳಿಹಳ್ಳಿಯಲ್ಲಿ ಆಂಟಿಮನಿ ಔಷಧದ ಇಂಜೆಕ್ಷನ್ ಹಾಕಿಸಿತು, ಒಬ್ಬೊಬ್ಬರಿಗೆ ಹನ್ನೆರಡಕ್ಕೂ ಹೆಚ್ಚು ಸಲ ನರಕ್ಕೆ. ಗಾಜಿನ ಸಿರಿಂಜು, ಸಾಲಿನಲ್ಲಿ ನೂರಾರು ಜನ, ಸರಿಯಾಗಿ ಕುದಿಸಲು ಪುರಸೊತ್ತಿಲ್ಲ. ಹುಳು ಕಡಿಮೆಯಾಯಿತು, ಹೆಪಟೈಟಿಸ್ ಸಿ ಹಬ್ಬಿತು. 2008ರ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 15 ಮಂದಿಯ ರಕ್ತದಲ್ಲಿ ಅದರ ಗುರುತು ಸಿಕ್ಕಿತು. ಇದನ್ನು ಬಿಡಿಸಿಕೊಂಡ ರೀತಿಗೂ ಶಭಾಶ್ ಅನ್ನಲೇಬೇಕು. 2018ರಲ್ಲಿ ಶುರುಮಾಡಿ ಏಳೇ ತಿಂಗಳಲ್ಲಿ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷಿಸಿ, ಸೋಂಕಿದ್ದವರಿಗೆ ದೇಶದಲ್ಲೇ ತಯಾರಾದ ಅಗ್ಗದ ಮಾತ್ರೆ ಪುಕ್ಕಟೆ ಕೊಟ್ಟರು.

1970ರಲ್ಲಿ ಮುಗಿದ ಅಸ್ವಾನ್ ಹೈ ಡ್ಯಾಮ್ ನೆರೆಯನ್ನೇ ಇಲ್ಲವಾಗಿಸಿತು. ಜಲಾಶಯದ ಜಾಗದಲ್ಲಿದ್ದ ಸುಮಾರು 50 ಸಾವಿರ ನೂಬಿಯನ್ನರು ಊರು ಬಿಟ್ಟರು, ಮೆಕ್ಕಲು ಜಲಾಶಯದ ತಳ ಸೇರಿತು, ಹೊಲಕ್ಕೆ ಚೀಲದ ಗೊಬ್ಬರ ಬಂತು. ಡ್ಯಾಮನ್ನು ಬೈಯುವುದು ಸುಲಭ. 1984ರ ಬರದಲ್ಲಿ ಇಥಿಯೋಪಿಯಾ ಹಸಿದು ಸಾಯುವಾಗ ಈಜಿಪ್ಟ್ ಅದೇ ನೀರಿನಿಂದ ಉಳಿಯಿತು. ಸುಡಾನ್ ಜೊತೆಗಿನ 1959ರ ಒಪ್ಪಂದದಲ್ಲಿ ಈಜಿಪ್ಟಿನ ಪಾಲು 55.5 ಶತಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 1,960 ಟಿಎಂಸಿ, ಹೆಚ್ಚುಕಡಿಮೆ 40 ಕೆಆರ್‌ಎಸ್. ಆಗ ಜನ 2.6 ಕೋಟಿ. ಈಗ 10 ಕೋಟಿ ದಾಟಿ ಮುಂದೆ ಹೋಗಿದ್ದಾರೆ, ನೀರು ಅಷ್ಟೇ. ರೋಮಿಗೆ ಧಾನ್ಯ ಕಳಿಸುತ್ತಿದ್ದ ನಾಡು ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಗೋಧಿ ಕೊಳ್ಳುವವರ ಸಾಲಿನಲ್ಲಿದೆ.

ಬೇರೆ ಅರಬರು ರೊಟ್ಟಿಗೆ ಖುಬ್ಜ್ ಅಂದರೆ ಈಜಿಪ್ಟಿನವರು 'ಐಶ್' ಅನ್ನುತ್ತಾರೆ, ಅಂದರೆ ಬದುಕು. 1977ರ ಜನವರಿಯಲ್ಲಿ ಆಹಾರದ ಸಬ್ಸಿಡಿಗೆ ಕತ್ತರಿ ಹಾಕಿದ ಅಧ್ಯಕ್ಷ ಸಾದತ್ ಸರ್ಕಾರ, ಎರಡು ದಿನದ ದಂಗೆಯಲ್ಲಿ ಹತ್ತಿರಹತ್ತಿರ 80 ಜನ ಸತ್ತ ಮೇಲೆ ಆದೇಶ ಹಿಂತೆಗೆದುಕೊಂಡಿತು. ಆಮೇಲಿನವರು ಪಾಠ ಕಲಿತರು: ಬೆಲೆ ಮುಟ್ಟಬೇಡ, ತೂಕ ಇಳಿಸು. 1980ರ ದಶಕದ ಕೊನೆಯಿಂದ ರೊಟ್ಟಿ 5 ಪಿಯಾಸ್ಟರಿನಲ್ಲೇ (ಪಿಯಾಸ್ಟರ್ ಅಂದರೆ ಈಜಿಪ್ಟಿನ ಪೌಂಡಿನ ನೂರನೇ ಒಂದು ಪಾಲು) ನಿಂತಿತು, 130 ಗ್ರಾಂ ಇದ್ದದ್ದು 2020ಕ್ಕೆ 90 ಗ್ರಾಂ ಆಯಿತು. ಕಳ್ಳತನವೂ ಇತ್ತು. ಬೇಕರಿಗೆ ಅಗ್ಗದ ಹಿಟ್ಟು ಕೊಡುವಷ್ಟು ಕಾಲ ಮೂಟೆ ಹಿಂಬಾಗಿಲಿನಿಂದ ಕಾಳಸಂತೆಗೆ ಹೋಗುತ್ತಿತ್ತು. 2014ರಲ್ಲಿ ಅದನ್ನು ತಿರುಗಿಸಿ ಹಾಕಿದರು: ಹಿಟ್ಟು ಪೂರ್ತಿ ಬೆಲೆಗೆ, ಕಾರ್ಡ್ ಉಜ್ಜಿ ಮಾರಿದ ಪ್ರತಿ ರೊಟ್ಟಿಗೆ ಬೇಕರಿಯವನಿಗೆ ಹಣ. ತಲೆಗೆ ದಿನಕ್ಕೆ ಐದು ರೊಟ್ಟಿ, ಕೊಳ್ಳದೆ ಬಿಟ್ಟದ್ದಕ್ಕೆ ಬೇರೆ ದಿನಸಿ ಕೊಳ್ಳಲು ಪಾಯಿಂಟ್.

2024ರ ಜೂನ್ 1ರಿಂದ ಬೆಲೆ 20 ಪಿಯಾಸ್ಟರ್. ತಗಲುವ ಖರ್ಚು 125 ಅಂದಿತು ಆಗ ಸರ್ಕಾರ. 1977ರಂಥ ದಂಗೆ ಆಗಲಿಲ್ಲ. ಈಗ ರೊಟ್ಟಿಯ ಬದಲು ನೇರ ಹಣ ಕೊಡುವ ಮಾತು ಎದ್ದಿದೆ. ಅನ್ನಭಾಗ್ಯದಲ್ಲಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ಖಾತೆಗೆ ಹಾಕಿ, ಮತ್ತೆ ಅಕ್ಕಿಗೇ ಮರಳಿದ್ದನ್ನು ನಾವು ನೋಡಿದ್ದೇವೆ. ಹಣದುಬ್ಬರ 2023ರಲ್ಲಿ ಶೇ. 38ರ ತನಕ ಹೋಗಿದ್ದ ದೇಶದಲ್ಲಿ ಕೈಗೆ ಬಂದ ಹಣ ಕರಗುತ್ತದೆ, ಐದು ರೊಟ್ಟಿ ಐದೇ ಇರುತ್ತದೆ. ಧಾನ್ಯದಲ್ಲೇ ಸಂಬಳ ಪಡೆಯುತ್ತಿದ್ದ ದೇರ್ ಎಲ್-ಮದೀನಾದವರಿಗೆ ಈ ತಲೆನೋವು ಇರಲಿಲ್ಲ. ಅವರದು ಬೇರೆ ತಲೆನೋವು: 18 ದಿನವಾದರೂ ಧಾನ್ಯದ ಕತ್ತೆಗಳೇ ಊರಿಗೆ ಬರಲಿಲ್ಲ.